ಸೋಲ್ ಎಂಬ ಊರಿಗೆ ಅಕ್ಕನ ಡಬ್ಬಿ

ಕೊರಿಯಾದಲ್ಲಿ ಏನೇನು ನೋಡಿದಿರಿ ಎಂದು ನಮ್ಮ ಓಣಿಯಲ್ಲಿ ಕೇಳದವರಿಲ್ಲ. ಅರಮನೆ ನೋಡಲಿಲ್ಲ, ಗೋಪುರ ಹತ್ತಲಿಲ್ಲ, ಹೂವಿನ ಮರದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಲಿಲ್ಲ. ಐದು ದಿನ ಬರೀ ಮುಖ ನೋಡಿ ಬಂದೆ. ಇಪ್ಪತ್ತೆರಡು ವರ್ಷದಿಂದ ರಾಯಚೂರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡು, ಬೆಳಗಿನಿಂದ ಸಂಜೆವರೆಗೆ ಮಂದಿಯ ಮುಖ ನೋಡಿಯೇ ಬದುಕಿದವಳು ಸಮುದ್ರ ದಾಟಿ ಮತ್ತೆ ಮುಖ ನೋಡಲಿಕ್ಕೇ ಹೋದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ರಾಯಚೂರು

ಈಗೆರಡು ವರ್ಷದಿಂದ ನನ್ನ ಕುರ್ಚಿಯಲ್ಲಿ ಕುಳಿತವರದೆಲ್ಲ ಒಂದೇ ಜಪ: ಗ್ಲಾಸ್ ಸ್ಕಿನ್. ಗಾಜಿನಂಥ ಚರ್ಮ ಬೇಕಂತೆ, ಕೊರಿಯಾದವರ ಹಾಗೆ. ಮೊದಲು ಗೋಲ್ಡ್ ಫೇಶಿಯಲ್ ಅಂದರು, ಮಾಡಿದೆ. ಆಮೇಲೆ ಹಣ್ಣು ಅಂದರು, ಆಮೇಲೆ ಇದ್ದಿಲು, ಅದನ್ನೂ ಹಚ್ಚಿದೆ. ಈಗ ಮೊಬೈಲಿನಲ್ಲಿ ಯಾವಳದೋ ಕೆನ್ನೆ ತೋರಿಸಿ ಹೀಗೇ ಆಗಬೇಕು ಎನ್ನುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಸ್ಟೇಷನ್ ರಸ್ತೆಯಿಂದ ನನ್ನ ಅಂಗಡಿಗೆ ಆಟೋದಲ್ಲಿ ಬರುವಷ್ಟರಲ್ಲಿ ಜಿನ್ನಿಂಗ್ ಮಿಲ್ಲಿನ ಹತ್ತಿ, ರೈಸ್ ಮಿಲ್ಲಿನ ಹೊಟ್ಟು ಎರಡೂ ಬಂದು ಹುಬ್ಬಿನ ಮೇಲೆ ಕೂತಿರುತ್ತವೆ. ಆ ಮುಖ ಗಾಜಾಗಬೇಕು, ಅದೂ ಮದುವೆಯೊಳಗೆ. ಅದು ಆಗದು ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು.

ಬಾಯಿ ನೋಯಿಸಿಕೊಳ್ಳುವ ಬದಲು ನಾನು ಒಂದು ಡಬ್ಬಿ ಕೊಟ್ಟು ಕಳಿಸುತ್ತಿದ್ದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ. ಮೇಲೆ ಹೆಸರಿಲ್ಲ, ಚೀಟಿ ಇಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಟ್ಯೂಬೊಂದು, ಬೆಳ್ಳಗಾಗುವ ಕ್ರೀಮೊಂದು, ಎರಡನ್ನೂ ಕಲಸಿ ತುಂಬಿದರೆ ಆಯಿತು. ನನಗೆ ಯಾರೋ ಕಲಿಸಿದರು, ನನ್ನ ಬಳಿ ಕೆಲಸ ಕಲಿತವರಿಗೆ ನಾನು ಕಲಿಸಿದೆ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆ ಅದಕ್ಕೆ ಅಕ್ಕನ ಡಬ್ಬಿ ಎಂದೇ ಹೆಸರು. ವಾರದಲ್ಲಿ ಮುಖ ಬೆಳ್ಳಗಾಗುತ್ತಿತ್ತು. ಹದಿನೈದು ದಿನಕ್ಕೆ ನಿಲ್ಲಿಸಿಬಿಡಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಲ್ಲಿಸುತ್ತಾರೆಯೇ ಇವರು?

ನನ್ನ ತಂಗಿ ಗಿರಿಜಾಳನ್ನು ಮಾನ್ವಿಗೆ ಕೊಟ್ಟಿದೆ. ಅವಳ ಮಗಳು ಪವಿತ್ರಾ ಅವ್ವನಿಗೆ ತಿಳಿಯದಂತೆ ಒಂದು ವರ್ಷ ಆ ಡಬ್ಬಿ ಹಚ್ಚಿದಳು, ಬಿಡಲಿಲ್ಲ. ತೀರಿದ ಕೂಡಲೇ ಇನ್ನೊಂದು ಕೊಡು ದೊಡ್ಡವ್ವಾ ಎಂದು ಬರುತ್ತಿದ್ದಳು. ನಾನೂ ಮಾತು ಬೆಳೆಸದೆ ಕೊಟ್ಟೆ. ಲಗ್ನ ಗೊತ್ತಾದ ಹೊತ್ತಿಗೆ ಮುಖ ಕೆಂಪಾಗಿ ಸಿಪ್ಪೆ ಏಳತೊಡಗಿತ್ತು. ಹಚ್ಚಿದರೆ ತಣ್ಣಗೆ, ಬಿಟ್ಟರೆ ಕೆಂಡ. ಬಿಸಿಲಿಗೆ ಬರುವಂತಿಲ್ಲ, ಒಲೆಯ ಮುಂದೆ ಕೂರುವಂತಿಲ್ಲ. ಮದುವೆಗೆ ಇನ್ನು ಒಂದೇ ತಿಂಗಳು. ಗಿರಿಜಾ ಬಂದವರ ಮುಂದೆಲ್ಲ ಮಗಳನ್ನೇ ಬೈದಳು, ಮೊಬೈಲಿನಲ್ಲಿ ನೋಡಿ ಏನೇನೋ ತರಿಸಿ ಹಚ್ಚಿಕೊಂಡಳೆಂದು. ನಾನು ಅಲ್ಲೇ ಕೂತಿದ್ದೆ. ಹ್ಞೂಂ ಎಂದೆ. ಪವಿತ್ರಾ ಒಮ್ಮೆ ನನ್ನ ಕಡೆ ನೋಡಿ ತಲೆ ಬಗ್ಗಿಸಿದಳು.

ಅದೇ ಹೊತ್ತಿಗೆ, ನಮ್ಮಂಥ ಅಂಗಡಿಗಳಿಗೆ ಸಾಮಾನು ಹಾಕುವ ಡೀಲರೊಬ್ಬ ಸ್ಕೀಮಿನಲ್ಲಿ ಹತ್ತಾರು ಪಾರ್ಲರಿನವರನ್ನು ಕೊರಿಯಾಕ್ಕೆ ಹೊರಡಿಸಿದ್ದ. ನನ್ನ ಹೆಸರೂ ಇತ್ತು. ನಾನು ಪವಿತ್ರಾಳ ಕೈ ಹಿಡಿದು, ಅಲ್ಲಿಂದ ಔಷಧ ತರ್ತೀನಿ, ಮದುವೆಯೊಳಗೆ ಮುಖ ಮೊದಲಿನಂತಾಗುತ್ತದೆ ಎಂದು ಮಾತು ಕೊಟ್ಟೆ.

ಹೈದರಾಬಾದ್ ವಿಮಾನ ನಿಲ್ದಾಣ

ನನಗೆ ಜೊತೆಯಾದವಳು ಶರಣಮ್ಮ. ಅರಕೇರಾ ಕಡೆಯ ಕುರಿ ಕಾಯುವ ಮನೆತನದವಳು, ಮೂರು ವರ್ಷ ನನ್ನ ಕೈಕೆಳಗೆ ಕಲಿತು ದೇವದುರ್ಗದಲ್ಲಿ ಸ್ವಂತ ಪಾರ್ಲರ್ ಇಟ್ಟಿದ್ದಾಳೆ. ಹೋಗುವ ಊರಿನ ಹೆಸರು ಕೇಳಿ ಅವಳ ಅವ್ವ, ಸೋಲ್ ಅನ್ನೋ ಊರಿಗೆ ಗೆಲ್ಲಾಕ ಯಾರರ ಹೋಗ್ತಾರೇನು ಎಂದಿದ್ದಳಂತೆ. ಆ ಮಾತನ್ನು ಶರಣಮ್ಮ ರಾಯಚೂರು ಸ್ಟೇಷನ್ನಿನಿಂದ ಹೈದರಾಬಾದಿನವರೆಗೆ ನಾಲ್ಕು ಸಲ ಹೇಳಿ ನಾಲ್ಕು ಸಲವೂ ನಕ್ಕಳು.

ಸೋಲು ನಿಲ್ದಾಣದಲ್ಲೇ ಶುರುವಾಯಿತು. ನನ್ನ ಎರಡೂ ಕೆನ್ನೆಯ ಮೇಲೆ ಬಂಗು ಇದೆ, ಕಂದು ಬಣ್ಣದ್ದು, ಅಂಗೈ ಅಗಲ. ಹದಿನೈದು ವರ್ಷದಿಂದ ಫೌಂಡೇಶನ್ ಬಳಿಯದೆ ಬಾಗಿಲು ದಾಟಿದವಳಲ್ಲ ನಾನು. ಪಾರ್ಲರಿನವಳ ಮುಖದಲ್ಲೇ ಬಂಗು ಕಂಡರೆ ಯಾರು ಬರುತ್ತಾರೆ? ಪಾರ್ಲರಿನ ದೊಡ್ಡ ಬಾಟಲಿಯನ್ನೇ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ತಪಾಸಣೆಯ ಹುಡುಗಿ ಅದನ್ನು ಎತ್ತಿ ನೋಡಿ, ಇಷ್ಟು ದೊಡ್ಡದು ಒಳಗೆ ಬಿಡುವುದಿಲ್ಲ ಎಂದು ಬುಟ್ಟಿಗೆ ಹಾಕಿದಳು. ಇದು ನನ್ನ ಮುಖವಮ್ಮಾ ಎಂದೆ. ಮುಂದೆ ನಡೀರಿ ಎಂದಳು. ಶರಣಮ್ಮನ ಬುತ್ತಿಯಲ್ಲಿದ್ದ ಖಟಿ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಪಾಸಾದವು. ನನ್ನ ಮುಖ ಮಾತ್ರ ಹೈದರಾಬಾದಿನಲ್ಲಿ ಉಳಿಯಿತು.

ಸೋಲ್: ಅಂಗಡಿ ಬೀದಿ

ಮ್ಯೊಂಗ್‌ಡಾಂಗ್ ಎಂಬ ಬೀದಿ. ಈ ತುದಿಯಿಂದ ಆ ತುದಿಗೆ ಮುಖಕ್ಕೆ ಹಚ್ಚುವ ಸಾಮಾನೇ. ಬಾಗಿಲಲ್ಲಿ ನಿಂತ ಹುಡುಗಿಯರು ಹೋಗಿ ಬರುವವರ ಕೈಗೆ ಮುಖಕ್ಕೆ ಅಂಟಿಸುವ ಹಾಳೆಗಳನ್ನು ಪುಕ್ಕಟೆ ತುರುಕುತ್ತಾರೆ. ಹಾಳೆ ಕೊಟ್ಟವರು ಕೈ ಬಿಡುವುದಿಲ್ಲ, ಒಳಗೇ ಎಳೆಯುತ್ತಾರೆ. ನಮ್ಮ ಸಂತೆಯಲ್ಲಿ ಬದನೆಕಾಯಿಯವಳು ಸೆರಗು ಹಿಡಿದು ಕೂಗುವುದು ಇದಕ್ಕಿಂತ ಎಷ್ಟೋ ಮರ್ಯಾದೆಯದು. ರಸ್ತೆಯಲ್ಲಿ ನಡೆವವರ ಮುಖ ನೋಡಿದೆ. ಹೊಳೆಯುತ್ತಿದ್ದವು, ಸುಳ್ಳು ಹೇಳಲಾರೆ. ಆದರೆ ಕ್ಲಿನಿಕ್ಕಿನಿಂದ ಹೊರಬಂದ ಹುಡುಗಿಯರು ಕೆನ್ನೆ ತುಂಬ ಸೂಜಿಯ ಗುರುತು, ಸಣ್ಣ ಸಣ್ಣ ಪಟ್ಟಿ ಅಂಟಿಸಿಕೊಂಡು ಹಾಗೆಯೇ ಕಾಫಿ ಕುಡಿಯುತ್ತ ಹೋಗುತ್ತಿದ್ದರು. ಯಾರಿಗೂ ನಾಚಿಕೆ ಇಲ್ಲ. ನಮ್ಮಲ್ಲಿ ಮೇಲ್ದುಟಿಯ ಕೂದಲು ತೆಗೆಸಿಕೊಳ್ಳಲು ಬಂದವಳೂ ಪರದೆ ಎಳೆಯಿರಿ ಅಕ್ಕಾ ಎನ್ನುತ್ತಾಳೆ.

ಮೊದಲು ಫೌಂಡೇಶನ್ ಹುಡುಕಿದೆ. ಇಷ್ಟು ದೊಡ್ಡ ಅಂಗಡಿಯಲ್ಲಿ ಮೂರೇ ಬಣ್ಣ: ಹಾಲು, ಮೊಸರು, ಮಜ್ಜಿಗೆ. ನನ್ನ ಬಣ್ಣಕ್ಕೆ ಹತ್ತಿರದ್ದು ಕೊಡು ಎಂದು ಸನ್ನೆ ಮಾಡಿದರೆ ಹುಡುಗಿ ಮಜ್ಜಿಗೆ ಬಣ್ಣದ್ದನ್ನು ಬಳಿದಳು. ಕನ್ನಡಿಯಲ್ಲಿ ಸುಣ್ಣ ಹೊಡೆದ ಗೋಡೆ ಕಂಡಿತು. ಒರೆಸಿ ಹೊರಬಿದ್ದೆ. ಇನ್ನೊಂದು ಅಂಗಡಿಯಲ್ಲಿ ಒಂದು ಯಂತ್ರಕ್ಕೆ ಗದ್ದ ಕೊಟ್ಟು ಕೂರಿಸಿ, ನನ್ನ ಚರ್ಮಕ್ಕೆ ಅರವತ್ತಮೂರು ವರ್ಷ ಎಂದು ಪರದೆಯ ಮೇಲೆ ತೋರಿಸಿದರು. ನನಗೆ ನಲವತ್ತೊಂಬತ್ತು. ನಾಲ್ಕು ಮಂದಿ ಅಪರಿಚಿತರು ಅದನ್ನು ಓದಿ ತಲೆ ತೂಗಿದರು.

ಶರಣಮ್ಮನ ಸಂಕಟವೇ ಬೇರೆ. ಎಲ್ಲರೂ ಮುಗಿಬಿದ್ದು ಕೊಳ್ಳುತ್ತಿದ್ದ ಸೀಸೆಯ ಮೇಲೆ ಬಸವನಹುಳದ ಚಿತ್ರವಿತ್ತು. ಒಳಗಿರುವುದು ಅದರ ಲೋಳೆ ಎಂದು ನಾನು ಹೇಳಿದೆ. ಅವಳು ಸೀಸೆಯನ್ನು ತಟ್ಟನೆ ಕೆಳಗಿಟ್ಟು ಕೈ ಒರೆಸಿಕೊಂಡಳು.

“ಬಸವನ ಹೆಸರಿಂದು ರೀ ಅಕ್ಕಾ, ಅದರ ಲೋಳಿ ಮಾರಿಗಿ ಹಚ್ಚಾದೇನ್ರಿ? ಸೋಮವಾರ ಬ್ಯಾರೆ.”

ಮುಂದಿನ ಅಂಗಡಿಯಲ್ಲಿ ಕುಂಕುಮದ ಭರಣಿಯಷ್ಟು ಸಣ್ಣ ತುಟಿಯ ಮುಲಾಮನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಶರಣಮ್ಮ ಮೂಸಿ ನೋಡಿದಳು. ಮತ್ತೊಮ್ಮೆ ಮೂಸಿದಳು. ಇದು ಕುರಿ ಉಣ್ಣೆಯ ಜಿಡ್ಡು, ನಮ್ಮಪ್ಪ ಉಣ್ಣೆ ಕತ್ತರಿಸಿ ಬಂದಾಗ ಅವನ ಅಂಗೈ ಹೀಗೇ ನಾರುತ್ತಿತ್ತು ಎಂದಳು. ನಾನು ನಂಬಲಿಲ್ಲ. ಭರಣಿಯ ಹಿಂಬದಿಯ ಚೀಟಿಗೆ ಫೋನು ಹಿಡಿದು ಅನುವಾದ ಓದಿದರೆ ಅದೇ ಇತ್ತು. ಪಕ್ಕದ ಸಾಲಿನಲ್ಲಿ ಅಕ್ಕಿ ತೊಳೆದ ನೀರನ್ನು ಸೀಸೆಯಲ್ಲಿ ತುಂಬಿ ನಿಲ್ಲಿಸಿದ್ದರು. ನಮ್ಮ ಮನೆಯಲ್ಲಿ ಅದು ನೇರ ಎಮ್ಮೆಯ ಬಾನಿಗೆ ಹೋಗುತ್ತದೆ. ಹೋಗಲಿ, ಇದನ್ನೆಲ್ಲ ನೋಡಿ ಊರ ಅಭಿಮಾನ ಪಡುವ ಪರಿಸ್ಥಿತಿಯಲ್ಲಿ ನಾನಿರಲಿಲ್ಲ. ಪವಿತ್ರಾಳ ಮುಖಕ್ಕೆ ಏನಾದರೂ ಬೇಕಿತ್ತು. ಅಷ್ಟು ಅಂಗಡಿಯಲ್ಲಿ ಸುಟ್ಟ ಮುಖಕ್ಕೆ ಔಷಧ ಕೇಳಿದರೆ ಎಲ್ಲರೂ ತಲೆ ಅಲ್ಲಾಡಿಸಿ ಕ್ಲಿನಿಕ್ಕಿನ ಕಡೆ ಕೈ ತೋರಿಸಿದರು.

ಮೂರನೇ ದಿನ: ಕ್ಲಿನಿಕ್

ಚರ್ಮದ ಕ್ಲಿನಿಕ್ಕು ಒಂದು ಕಟ್ಟಡದ ಒಂಬತ್ತನೇ ಮಹಡಿಯಲ್ಲಿತ್ತು. ಎಂಟನೆಯದರಲ್ಲೂ ಚರ್ಮದ ಕ್ಲಿನಿಕ್ಕು, ಹತ್ತನೆಯದರಲ್ಲೂ ಅದೇ. ಕೌಂಟರಿನ ಹುಡುಗಿಗೆ ನನ್ನ ಇಂಗ್ಲಿಷ್ ತಿಳಿಯಲಿಲ್ಲ, ನನಗೆ ಅವಳದು. ಆಕೆ ಫೋನ್ ಚಾಚಿ ನಿಮ್ಮ ಭಾಷೆಯಲ್ಲೇ ಹೇಳಿ, ಅದು ಅನುವಾದಿಸುತ್ತದೆ ಎಂದು ತೋರಿಸಿದಳು. ಸರಿ, ಫೋನಿಗೆ ಬಾಯಿ ಹಚ್ಚಿ ನಮ್ಮ ಮಾತಿನಲ್ಲೇ ಹೇಳಿದೆ: ನನಗ ಬಂಗು ಅದ, ತಂಗಿ ಮಗಳಿಗೂ ಔಷಧ ಬೇಕು.

ಹುಡುಗಿ ಫೋನ್ ಓದಿದಳು. ಮುಖ ಬಿಳಿಚಿತು. ಒಳಗೆ ಹೋಗಿ ಕೋಟು ಹಾಕಿದ ಗಂಡಸೊಬ್ಬನನ್ನು ಕರೆತಂದಳು. ಅವನೂ ಓದಿ ನನ್ನ ಕೈಚೀಲವನ್ನೇ ನೋಡತೊಡಗಿದ. ಕಾಯುತ್ತಿದ್ದ ಹೆಂಗಸರು ಕುರ್ಚಿ ಸರಿಸಿಕೊಂಡರು. ಏನಾಯಿತೆಂದು ನನಗೆ ತಿಳಿಯದು. ನಾನು ಕೆನ್ನೆ ತೋರಿಸಿ ಬಂಗು, ಬಂಗು ಎಂದು ಇನ್ನೂ ಜೋರಾಗಿ ಹೇಳಿದೆ. ಶರಣಮ್ಮನೂ ದನಿಗೂಡಿಸಿದಳು. ಕಡೆಗೆ ಅವರು ಹಿಂದಿ ಬಲ್ಲ ದುಭಾಷಿಯನ್ನು ಕರೆಸಿದರು. ಸನಾ ಎಂಬ ಹುಡುಗಿ, ಹೈದರಾಬಾದಿನವಳು, ಅಲ್ಲಿ ಓದಲು ಬಂದು ಈ ಕೆಲಸವನ್ನೂ ಮಾಡುತ್ತಿದ್ದಳು. ಅವಳು ಫೋನ್ ಓದಿ, ನನ್ನ ಕೆನ್ನೆ ನೋಡಿ, ನಗು ತಡೆಯಲಾರದೆ ಗೋಡೆಗೆ ಒರಗಿದಳು. ಆ ಹಾಳು ಫೋನು ನನ್ನ ಬಂಗನ್ನು ಭಂಗಿ ಎಂದು ಕೇಳಿಸಿಕೊಂಡಿತ್ತು. ನನ್ನ ಬಳಿ ಗಾಂಜಾ ಇದೆ, ತಂಗಿಯ ಮಗಳಿಗೂ ಬೇಕು ಎಂದು ಕೊರಿಯನ್ನಿನಲ್ಲಿ ಬರೆದು ತೋರಿಸಿತ್ತು. ಆ ದೇಶದಲ್ಲಿ ಅದಕ್ಕೆ ಜೈಲೇ ಗತಿಯಂತೆ. ರಾಯಚೂರಿನಲ್ಲಿ ಬಂಗು ಎಂದರೆ ಅಡ್ಡಾಡುವ ಮಗುವಿಗೂ ತಿಳಿಯುತ್ತದೆ.

ಆದರೆ ಸನಾ ಸಿಕ್ಕದ್ದು ಪುಣ್ಯ. ನಿಜಾಮನ ಕಾಲದಿಂದ ನಮ್ಮ ಬಾಯಲ್ಲಿ ಉಳಿದ ಉರ್ದು ಅವಳಿಗೆ ಪೂರ್ತಿ ತಿಳಿಯಿತು. ಡಾಕ್ಟರಮ್ಮ ನನ್ನದೇ ವಯಸ್ಸಿನ ಹೆಂಗಸು. ನಾನು ಪವಿತ್ರಾಳ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದರು, ಹಿಗ್ಗಿಸಿ ನೋಡಿದರು. ಏನು ಹಚ್ಚಿದ್ದಾಳೆ ಎಂದು ಕೇಳಿದರು. ಪೇಟೆಯಿಂದ ಏನೋ ತಂದಿದ್ದಾಳೆ, ಹೆಸರಿಲ್ಲದ ಡಬ್ಬಿ ಎಂದೆ. ಯಾರು ಮಾಡಿದ್ದು ಎಂದರು. ಗೊತ್ತಿಲ್ಲ ಎಂದೆ.

ಅವರು ನಿಧಾನವಾಗಿ ಹೇಳಿದ್ದನ್ನು ಸನಾ ಒಂದೊಂದಾಗಿ ಹೇಳಿದಳು. ಅದು ಸ್ಟೀರಾಯ್ಡ್ ಹಚ್ಚಿ ಕೆಟ್ಟ ಮುಖ. ಲೇಸರ್ ಬೇಡ, ಬ್ಲೀಚ್ ಬೇಡ, ಫೇಶಿಯಲ್ ಬೇಡ, ಇಲ್ಲಿಯ ಯಾವ ಸೀಸೆಯೂ ಬೇಡ. ನಿಮ್ಮ ಊರಿನ ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಬಿಡಿಸಬೇಕು. ಬಿಟ್ಟ ಮೇಲೆ ಇನ್ನೂ ಉರಿಯುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಮದುವೆಯೊಳಗೆ ಎಂಬುದು ಆಗದ ಮಾತು.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಹೇಳಿಸಿಕೊಳ್ಳಲು ಇಷ್ಟು ದೂರ ಬರಬೇಕಿತ್ತೇ? ಒಂಬತ್ತು ಮಹಡಿ ತುಂಬ ಯಂತ್ರ ಇಟ್ಟುಕೊಂಡು ಒಂದು ಹುಡುಗಿಯ ಮುಖ ಸರಿ ಮಾಡಲು ಬಾರದೇ ಎಂದು ಕೂಗಾಡಿದೆ. ಸನಾ ಅದನ್ನು ಅನುವಾದ ಮಾಡಲಿಲ್ಲ. ಡಾಕ್ಟರಮ್ಮ ನನ್ನ ಬೋಳು ಕೆನ್ನೆಯ ಬಂಗನ್ನು ನೋಡಿ ಏನೋ ಕೇಳಿದರು. ನೀವು ಆ ಡಬ್ಬಿ ಹಚ್ಚಿಕೊಂಡಿದ್ದೀರಾ ಎಂದು. ಇಲ್ಲ ಎಂದೆ. ಮತ್ತೊಂದು ಕೇಳಿದರು. ಸನಾ ಅದನ್ನೂ ಹೇಳಿದಳು.

“ಆಪ್ ಕಾಯ್‌ಕು ನೈ ಲಗಾಯೇ, ಅಮ್ಮಾ?”

ನೀವ್ಯಾಕೆ ಹಚ್ಚಿಕೊಳ್ಳಲಿಲ್ಲ? ಹದಿನೈದು ವರ್ಷದ ಬಂಗು ಇಟ್ಟುಕೊಂಡು, ಊರಿಗೆಲ್ಲ ಡಬ್ಬಿ ಕೊಟ್ಟವಳು, ಒಂದು ದಿನವೂ ಯಾಕೆ ಹಚ್ಚಿಕೊಳ್ಳಲಿಲ್ಲ? ಯಾಕೆಂದು ನನಗೆ ಗೊತ್ತಿತ್ತು. ಅದರೊಳಗೆ ಏನಿದೆಯೆಂದು ಕಲಸಿದವಳಿಗೆ ಗೊತ್ತಿರುವುದಿಲ್ಲವೇ. ಚೀಲ ಎತ್ತಿಕೊಂಡು ಹೊರಬಂದೆ.

ನಾಲ್ಕನೇ ದಿನ: ಸ್ನಾನದ ಮನೆ

ಮರುದಿನ ಡೀಲರ್ ಎಲ್ಲರನ್ನೂ ಸಾರ್ವಜನಿಕ ಸ್ನಾನದ ಮನೆಗೆ ಅಟ್ಟಿದ. ಹೆಂಗಸರ ಕಡೆ ಹೋಗಿ ನೋಡಿದರೆ ಮೈಮೇಲೆ ಒಂದು ನೂಲೂ ಇಲ್ಲದೆ ಅಜ್ಜಿಯರು, ಸೊಸೆಯರು, ಮೊಮ್ಮಕ್ಕಳು ಬಿಸಿನೀರಿನ ಹೊಂಡದಲ್ಲಿ ಕೂತು ಮನೆ ಮಾತು ಆಡುತ್ತಿದ್ದಾರೆ. ಶರಣಮ್ಮ ಎರಡು ಟವೆಲು ಸುತ್ತಿಕೊಂಡು ಕಂಬದ ಹಿಂದೆ ನಿಂತಳು. ನನ್ನನ್ನು ಒಬ್ಬ ಮೈ ತಿಕ್ಕುವಾಕೆ ಹಿಡಿದು ಹಾಸಿಗೆಯ ಮೇಲೆ ಮಲಗಿಸಿದಳು. ಕೈಗೆ ಒರಟು ಚೀಲ ಹಾಕಿ ತಿಕ್ಕತೊಡಗಿದಳು ನೋಡಿ, ಅಯ್ಯಯ್ಯೋ. ನಾನು ಬಾಣಂತಿಯಾಗಿದ್ದಾಗ ನನ್ನ ಅಜ್ಜಿಯೂ ಹೀಗೆ ತಿಕ್ಕಿ ಎರೆದಿರಲಿಲ್ಲ. ಮಗ್ಗುಲು ಬದಲಿಸಲು ಹೇಳುವ ಮಾತಿಲ್ಲ, ತೊಡೆಯ ಮೇಲೆ ಫಟ್ಟನೆ ಹೊಡೆದರೆ ತಿರುಗಬೇಕು. ಮಣ್ಣು ಶಾವಿಗೆಯಂತೆ ಸುರುಳಿ ಸುರುಳಿ ಉದುರಿತು. ಇಪ್ಪತ್ತೆರಡು ವರ್ಷ ಪಾರ್ಲರ್ ನಡೆಸಿದವಳ ಮೈಯಿಂದ.

ಮುಖಕ್ಕೆ ಬಂದಾಗ ಅವಳ ಕೈ ನಿಂತಿತು. ಚೀಲ ತೆಗೆದು ಹೆಬ್ಬೆರಳಿನಿಂದ ನನ್ನ ಬಂಗನ್ನು ಸವರಿದಳು. ಆಮೇಲೆ ಬಗ್ಗಿ ತನ್ನ ಕೆನ್ನೆ ತೋರಿಸಿದಳು. ಅವಳಿಗೂ ಅದೇ ಇತ್ತು, ಅದೇ ಕಂದು, ಅದೇ ಜಾಗದಲ್ಲಿ. ಗಾಜಿನ ಮುಖದ ದೇಶದಲ್ಲಿ. ಅವಳು ಬಾಯಿ ತುಂಬ ನಕ್ಕು ಒಂದು ಕೊಡ ನೀರು ನನ್ನ ತಲೆಯ ಮೇಲೆ ಸುರಿದಳು.

ಹೊಂಡದ ಅಂಚಿಗೆ ಬಂದು ಕೂತೆ. ಶರಣಮ್ಮ ಟವೆಲು ಬಿಡದೆ ಪಕ್ಕದಲ್ಲಿ ಕೂತು ನೀರಲ್ಲಿ ಕಾಲು ಇಳಿಬಿಟ್ಟಳು. ನಿನ್ನೆಯಿಂದ ಅವಳು ಬಸವನಹುಳದ ಮಾತನ್ನೂ ಆಡಿರಲಿಲ್ಲ.

“ಅಕ್ಕಾ, ದೇವದುರ್ಗದಾಗ ನಾನೂ ಅದ ಡಬ್ಬಿ ಕೊಡಾಕತ್ತೀನಿ ರೀ. ಗೂಗಲ್ ಊರಿನ ಹುಡುಗ್ಯಾರು ಬರ್ತಾರ, ನಮ್ಮ ಅರಕೇರಾದವರು ಬರ್ತಾರ. ನೀವು ಕಲಿಸಿದ್ದು ಅಂತ ಧೈರ್ಯದಿಂದ ಕೊಟ್ಟೆ.”

ಹದಿನೈದು ದಿನಕ್ಕೆ ನಿಲ್ಲಿಸಲು ಹೇಳಿದ್ದೆಯಾ ಎಂದು ಕೇಳಬೇಕೆಂದಿದ್ದೆ. ಅದನ್ನು ಬಿಟ್ಟು, ಊರಿಗೆ ಹೋದ ಕೂಡಲೇ ಕೊಟ್ಟವರ ಮನೆಮನೆಗೂ ಹೋಗಿ ಡಾಕ್ಟರಿಗೆ ತೋರಿಸಲು ಹೇಳು, ನಾನೂ ಹೇಳುತ್ತೇನೆ ಎಂದೆ. ಅವಳು ತಲೆ ಆಡಿಸಿದಳು. ಮತ್ತೆ ಮಾನ್ವಿಯಾಗ ಯಾರು ಹೇಳ್ತಾರ್ರಿ ಅಕ್ಕಾ ಎಂದು ಮೆಲ್ಲಗೆ ಕೇಳಿದಳು. ಎಲ್ಲರ ಬಾಯಲ್ಲೂ ನನಗೇ ಪ್ರಶ್ನೆ. ಸಿಡಿಮಿಡಿ ಬಂದು ಎದ್ದುಹೋದೆ.

ಮಾನ್ವಿ

ಚೀಲದಲ್ಲಿ ತಂದದ್ದು ಪುಕ್ಕಟೆ ಸಿಕ್ಕ ಹಾಳೆಗಳು ಮಾತ್ರ. ಬಂದ ಮರುದಿನವೇ ಪವಿತ್ರಾಳನ್ನು ರಾಯಚೂರಿನ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರೂ ಸೋಲಿನ ಡಾಕ್ಟರು ಹೇಳಿದ್ದನ್ನೇ ಹೇಳಿದರು, ಕನ್ನಡದಲ್ಲಿ. ಡಬ್ಬಿ ಬಿಡಿಸಿದ ಮೇಲೆ ಹುಡುಗಿ ಇನ್ನೂ ಕೆಂಪಾದಳು. ಗಿರಿಜಾಳಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದೆ. ಹಾಗೆ ದೂಡುತ್ತಲೇ ಅರಿಷಿಣದ ದಿನ ಬಂದುಬಿಟ್ಟಿತು.

ಅಂಗಳದಲ್ಲಿ ಮಣೆ ಹಾಕಿ ಪವಿತ್ರಾಳನ್ನು ಕೂರಿಸಿದ್ದರು. ಕೈಕಾಲಿಗೆ ಮಾತ್ರ ಹಚ್ಚಿ ಎಂದು ನಾನು ಮನೆಯ ಹೆಂಗಸರಿಗೆ ಮೊದಲೇ ಹೇಳಿಟ್ಟಿದ್ದೆ. ಬೀಗರ ಕಡೆಯವರಿಗೆ ಯಾರೂ ಹೇಳಿರಲಿಲ್ಲ. ಹುಡುಗನ ಸೋದರತ್ತೆ ದಪ್ಪ ಕಾಸಿನ ಸರ ಹಾಕಿದ ಗಟ್ಟಿ ಹೆಂಗಸು. ಎರಡೂ ಅಂಗೈ ತುಂಬ ಅರಿಷಿಣ ತೆಗೆದುಕೊಂಡು ಸೀದಾ ಹುಡುಗಿಯ ಕೆನ್ನೆಗೇ ಕೈ ಚಾಚಿದರು. ಪವಿತ್ರಾ ಕಣ್ಣು ಮುಚ್ಚಿಕೊಂಡಳು. ಹಿಂದೆ ಸರಿಯಲಿಲ್ಲ, ಬೇಡ ಎನ್ನಲಿಲ್ಲ. ನಾನು ಹೋಗಿ ಆಕೆಯ ಮಣಿಕಟ್ಟು ಹಿಡಿದೆ.

ಹಾಡು ನಿಂತಿತು. ಯಾಕೆ ಕೈ ಹಿಡಿದಿರಿ ಎಂದು ಆಕೆ ಕೇಳಿದರು. ಗಿರಿಜಾ ಅಡ್ಡ ಬಂದು ಅದೇ ಹಳೆಯ ಮಾತು ಶುರು ಮಾಡಿದಳು: ಮೊಬೈಲು, ವಿಡಿಯೊ, ಹುಡುಗು ಬುದ್ಧಿ. ಹೇಳಿದ್ದನ್ನೇ ಹೇಳಿ ತೌಡು ಕುಟ್ಟುತ್ತಿದ್ದಳು. ಮಣೆಯ ಮೇಲಿನ ಹುಡುಗಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಕೊರಿಯಾಕ್ಕೆ ಹೋಗುವ ಮೊದಲು ನೋಡಿದ ಹಾಗೆಯೇ. ಈ ಸಲ ತಲೆ ಬಗ್ಗಿಸಲಿಲ್ಲ.

“ಮೊಬೈಲಿಂದಲ್ಲ ರೀ,” ಎಂದೆ. “ಆ ಡಬ್ಬಿ ನಂದು. ನಾನ ಕಲಸಿ, ನಾನ ಕೊಟ್ಟೀನಿ, ಒಂದು ವರ್ಸ. ಆಕಿದು ಏನೂ ತಪ್ಪಿಲ್ಲ.”

ಗಿರಿಜಾಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವಳು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಮಾತಾಡು ಎಂದು ಕೇಳುವ ಮುಖ ನನಗೂ ಇಲ್ಲ. ಸೋದರತ್ತೆ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆವತ್ತು ನಾನು ಹೊಸ ಬಾಟಲಿ ತರಿಸಿ ದಪ್ಪಗೆ ಬಳಿದುಕೊಂಡಿದ್ದೆ.

“ನಿನ್ನ ಮಾರಿಗಿ ಎಂದರ ಹಚ್ಚಿಯೇನು ಅದನ್ನ?”

“ಇಲ್ರಿ.”

“ಹಂಗಾರ ಇದನ್ನರ ಹಚ್ಚಿಕೋ.”

ಎಂದವರೇ ಎರಡೂ ಅಂಗೈಯ ಅರಿಷಿಣವನ್ನು ನನ್ನ ಕೆನ್ನೆಗೆ ಮೆತ್ತಿ, ಆ ಸ್ನಾನದ ಮನೆಯಾಕೆಗೂ ಬಾರದ ಹಾಗೆ ತಿಕ್ಕಿಬಿಟ್ಟರು. ಕಣ್ಣಲ್ಲಿ ನೀರು ಬಂತು. ಫೌಂಡೇಶನ್ ಕಿತ್ತುಬಂದು ಆಕೆಯ ಅಂಗೈಗೆ ಅಂಟಿತು. ಹದಿನೈದು ವರ್ಷ ಮುಚ್ಚಿಟ್ಟ ಬಂಗು ಅರಿಷಿಣದ ನಡುವೆ ಅಂಗಳಕ್ಕೆಲ್ಲ ಕಂಡಿತು. ಯಾರೋ ಮುದುಕಿ, ಅಯ್ಯ ಇಕಿಗೇ ಬಂಗು ಅದಲ್ಲೇ ಎಂದಳು.

ಮಣೆಯ ಮೇಲಿಂದ ಒಂದು ಸದ್ದು ಬಂತು. ತಿಂಗಳಿಂದ ಬಾಯಿ ಬಿಗಿದುಕೊಂಡೇ ಇದ್ದ ಪವಿತ್ರಾ ನಗುತ್ತಿದ್ದಳು. ನಗುತ್ತ ನಗುತ್ತ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು.

“ನಗಸಬ್ಯಾಡ ದೊಡ್ಡವ್ವಾ,” ಎಂದಳು. “ಮಾರಿ ಉರೀತದ.”